ಘಟ್ಟದ ರಸ್ತೆ, ಒಂದು ಕಿಡ್ನಿ, ಮುನ್ನೂರು ಜನರ ವಂತಿಗೆ: ಥ್ರಿಲ್ಲರ್ ಕಿರುಚಿತ್ರಕ್ಕೆ ದುಡ್ಡು ಕೂಡಿಸುವ ಸಮಗ್ರ ಮಾರ್ಗದರ್ಶಿ

"ಆ ಮಾಣಿಗೆ ಕಿಡ್ನಿ ಸಿಕ್ತಾ, ತಮಾ?"

ಶಿರಸಿ ಹತ್ತಿರದ ಹಳ್ಳಿಯಿಂದ ಅಮ್ಮನ ಗೆಳತಿಯೊಬ್ಬರು ಬೆಳಿಗ್ಗೆ ಆರೂವರೆಗೆ ಫೋನ್ ಮಾಡಿ ಕೇಳಿದ ಮಾತು ಇದು. ಹಿಂದಿನ ರಾತ್ರಿ ನಮ್ಮ ಕಿರುಚಿತ್ರದ ಮೊದಲ ಪೋಸ್ಟರನ್ನು ವಾಟ್ಸಾಪಿಗೆ ಹಾಕಿದ್ದೆವು. ಹಾಸಿಗೆಯಲ್ಲಿ ಮಲಗಿದ ಹುಡುಗ, ಕೈಗೆ ಡ್ರಿಪ್. ಕೆಳಗೆ 'ಒಂದು ಕಿಡ್ನಿ. ಆರು ಗಂಟೆ. ನಿಮ್ಮ ಸಹಾಯ ಬೇಕು' ಎಂಬ ಸಾಲು. ಅದರ ಕೆಳಗೆ ಕ್ಯೂಆರ್ ಕೋಡ್. ಅದು ಸಿನಿಮಾ ಎಂದು ಅವರಿಗೆ ಗೊತ್ತೇ ಆಗಿರಲಿಲ್ಲ. ಯಾರದೋ ಮನೆಯ ಹುಡುಗ ಸಾಯುತ್ತಿದ್ದಾನೆ ಎಂದುಕೊಂಡು, ಮೊಮ್ಮಗಳ ಕೈಯಲ್ಲಿ ಎರಡು ಸಾವಿರ ರೂಪಾಯಿ ಹಾಕಿಸಿದ್ದರು. ರಾತ್ರಿ ನಿದ್ದೆ ಬಂದಿರಲಿಲ್ಲವಂತೆ.

ದುಡ್ಡನ್ನು ಆಗಲೇ ವಾಪಸ್ ಕಳಿಸಿದೆವು. ಪೋಸ್ಟರನ್ನು ಎಲ್ಲ ಗುಂಪುಗಳಿಂದ ಅಳಿಸಿದೆವು. ನಮ್ಮ ಉತ್ತರ ಕನ್ನಡ ಜಿಲ್ಲೆಯ ವಾಟ್ಸಾಪ್ ಗುಂಪುಗಳಲ್ಲಿ ವಾರಕ್ಕೊಂದಾದರೂ ನಿಜವಾದ ರೋಗಿಯ ಮನವಿ ಬರುತ್ತದೆ. ಡಯಾಲಿಸಿಸ್‌ಗೆ, ಹೃದಯದ ಆಪರೇಷನ್‌ಗೆ, ಲಿವರ್ ಕಸಿಗೆ. ಜನ ಅದನ್ನು ನಂಬಿ ಕೊಡುತ್ತಾರೆ. ಅದೇ ಗುಂಪಿನಲ್ಲಿ, ಅದೇ ರೂಪದಲ್ಲಿ ನಾವು ಸಿನಿಮಾಕ್ಕೆ ಕೇಳಿದರೆ ಆ ನಂಬಿಕೆಯನ್ನೇ ಕದ್ದ ಹಾಗೆ. ಮುಂದೆ ಬರೆದಿರುವ ಎಲ್ಲ ಹೆಜ್ಜೆಗಳ ಹಿಂದೆಯೂ ಆ ಬೆಳಗಿನ ಫೋನ್ ಇದೆ.

ಹೆಜ್ಜೆ 1: ದುಡ್ಡು ಕೇಳುವ ಮೊದಲು ಕಥೆಯನ್ನು ಪರೀಕ್ಷೆಗೆ ಒಡ್ಡಿ

ಅಂಗಾಂಗ ಕಸಿ ಎಂದರೆ ಎಲ್ಲರಿಗೂ ಮೊದಲು ಹೊಳೆಯುವ ಕಥೆ ಒಂದೇ. ಯಾರೋ ಮತ್ತು ಬರಿಸುತ್ತಾರೆ, ಬೆಳಿಗ್ಗೆ ಎದ್ದರೆ ಕಿಡ್ನಿ ಇಲ್ಲ. ದಯವಿಟ್ಟು ಇದನ್ನು ಬಿಡಿ. ಕಸಿಗೆ ರಕ್ತದ ಗುಂಪು ಹೊಂದಬೇಕು, ಪಡೆಯುವವರ ರಕ್ತ ಕೊಡುವವರ ಅಂಗವನ್ನು ತಿರಸ್ಕರಿಸುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆ ಆಗಬೇಕು, ಸಜ್ಜಾದ ಆಪರೇಷನ್ ಥಿಯೇಟರ್ ಬೇಕು, ನುರಿತ ತಂಡ ಬೇಕು. ಸಿಕ್ಕವರ ಕಿಡ್ನಿ ತೆಗೆದು ಐಸಿನಲ್ಲಿಟ್ಟು ಮಾರುವ ಕಥೆ ನೋಡಿದವರು ಅಂಗದಾನಕ್ಕೇ ಹೆದರುತ್ತಾರೆ. ಒಂದು ಕುಟುಂಬ ಐಸಿಯು ಹೊರಗೆ ನಿಂತು 'ಬೇಡ' ಎನ್ನಲು ನಿಮ್ಮ ಸಿನಿಮಾ ಕಾರಣವಾಗಬಾರದು, ಅಲ್ವಾ?

ಖಳನಾಯಕ ಬೇಕೇ ಬೇಕು ಎಂದರೆ ನಿಜದಲ್ಲೇ ಇದ್ದಾನೆ. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಬಂದದ್ದೇ ಅಂಗಗಳ ವ್ಯಾಪಾರ ತಡೆಯಲು. ಬದುಕಿರುವಾಗ ಅಂಗ ಕೊಡುವುದಾದರೆ ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮೊಮ್ಮಕ್ಕಳು ಮಾತ್ರ ಹತ್ತಿರದ ಸಂಬಂಧಿಗಳು. ಬೇರೆ ಯಾರೇ ಕೊಡಲು ಬಂದರೂ ಅಧಿಕೃತ ಸಮಿತಿಯ ಮುಂದೆ ಕೂತು, ದುಡ್ಡಿಗಾಗಿ ಅಲ್ಲ ಎಂದು ತೋರಿಸಬೇಕು. ಅಲ್ಲಿ ನಕಲಿ ಸಂಬಂಧದ ಕಾಗದ ಹುಟ್ಟಿಸುವ ದಲ್ಲಾಳಿ ಬರುತ್ತಾನೆ. ಅವನ ಕೆಲಸ ನಡೆಯುವುದು ಕತ್ತಿಯಲ್ಲಿ ಅಲ್ಲ, ಜೆರಾಕ್ಸ್ ಅಂಗಡಿಯಲ್ಲಿ. ಸಿಕ್ಕಿಬಿದ್ದರೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ.

ನಾವು ದಲ್ಲಾಳಿಯನ್ನೂ ಬಿಟ್ಟೆವು. ನಮ್ಮ ಜಿಲ್ಲೆಯಲ್ಲಿ ಥ್ರಿಲ್ಲರ್ ರಸ್ತೆಯ ಮೇಲೇ ಬಿದ್ದಿದೆ. ದೊಡ್ಡ ಚಿಕಿತ್ಸೆ ಎಂದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ನಮ್ಮ ಕಥೆಯ ನಾಯಕ ಶಿರಸಿಯ ಆಟೋ ಚಾಲಕ, ಡಯಾಲಿಸಿಸ್ ಮೇಲೆ ಬದುಕಿರುವವನು. ಜುಲೈ ತಿಂಗಳ ಒಂದು ರಾತ್ರಿ ಹನ್ನೊಂದು ಗಂಟೆಗೆ ಮಂಗಳೂರಿನಿಂದ ಫೋನ್ ಬರುತ್ತದೆ. ಕಿಡ್ನಿ ಇದೆ, ಬೆಳಗಿನೊಳಗೆ ಬನ್ನಿ. ಸುಮಾರು 250 ಕಿಲೋಮೀಟರ್. ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದಿದೆ. ದೊಡ್ಮನೆ ಘಟ್ಟ ಹಿಡಿಯಬೇಕೋ, ಸಿದ್ದಾಪುರದ ಮೇಲೆ ಮಾವಿನಗುಂಡಿ, ಗೇರುಸೊಪ್ಪ ಹಿಡಿಯಬೇಕೋ? ಕ್ರಾಸ್‌ಮ್ಯಾಚ್ ಹೊಂದದೆ ಹೋಗಬಹುದು ಎಂದು ಇಂಥ ಸಮಯದಲ್ಲಿ ಒಬ್ಬರಿಗಿಂತ ಹೆಚ್ಚು ರೋಗಿಗಳನ್ನು ಕರೆಯುವುದುಂಟು. ಹೀಗಾಗಿ ಅದೇ ರಾತ್ರಿ ಇನ್ನೊಬ್ಬಾಕೆಯೂ ಇನ್ನೊಂದು ದಾರಿಯಲ್ಲಿ ಹೊರಟಿದ್ದಾಳೆ. ಒಂದೇ ಕಿಡ್ನಿ, ಇಬ್ಬರು. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ. ಇದಕ್ಕಿಂತ ಜಾಸ್ತಿ ಏನು ಬೇಕು?

ಕಥೆ ಬರೆದಮೇಲೆ ಒಬ್ಬ ಕಿಡ್ನಿ ತಜ್ಞರಿಗೆ, ಒಬ್ಬ ಡಯಾಲಿಸಿಸ್ ಟೆಕ್ನಿಷಿಯನ್‌ಗೆ, ಕಸಿ ಮಾಡಿಸಿಕೊಂಡ ಒಬ್ಬರಿಗೆ ಓದಿ ಹೇಳಿ. ನಮಗೆ ಅತಿ ದೊಡ್ಡ ಉಡುಗೊರೆ ಸಿಕ್ಕಿದ್ದು ಇದರಿಂದ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮುಂಗೈಯಲ್ಲಿ ರಕ್ತನಾಳ ಎರಡನ್ನು ಜೋಡಿಸಿ ಫಿಸ್ಟುಲಾ ಮಾಡಿರುತ್ತಾರೆ. ಒಬ್ಬರು ತಮ್ಮ ಕೈ ಚಾಚಿ, "ಮುಟ್ಟಿ ನೋಡಿ" ಎಂದರು. ಚರ್ಮದ ಕೆಳಗೆ ಜುಂಯ್ ಎನ್ನುವ ಕಂಪನ. ಮುಷ್ಟಿಯೊಳಗೆ ಜೇನುಹುಳ ಹಿಡಿದ ಹಾಗೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದು ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಾರಂತೆ. ಅದು ನಿಂತರೆ ಫಿಸ್ಟುಲಾ ಮುಚ್ಚಿದೆ ಎಂದು ಅರ್ಥ. ವೈದ್ಯರು ಆ ಕಂಪನಕ್ಕೆ 'ಥ್ರಿಲ್' ಎಂದೇ ಹೆಸರಿಟ್ಟಿದ್ದಾರೆ. ನಮ್ಮ ಸಿನಿಮಾದ ಮೊದಲ ಶಾಟ್ ಅಲ್ಲೇ ಸಿಕ್ಕಿತು.

ಮೆದುಳು ನಿಷ್ಕ್ರಿಯವಾಗುವುದನ್ನೂ ಸರಿಯಾಗಿ ತೋರಿಸಿ. ಅದು ಕೋಮಾ ಅಲ್ಲ, ಸಾವು. ನಾಲ್ಕು ವೈದ್ಯರ ತಂಡ ಎರಡು ಬಾರಿ ಪರೀಕ್ಷೆ ಮಾಡಬೇಕು, ನಡುವೆ ಕನಿಷ್ಠ 6 ಗಂಟೆ ಅಂತರ ಇರಬೇಕು. ಆಮೇಲೂ ಮನೆಯವರ ಒಪ್ಪಿಗೆ ಬೇಕು. ಅಂಗ ಯಾರಿಗೆ ಎಂದು ತೀರ್ಮಾನಿಸುವುದು ಒಬ್ಬ ಡಾಕ್ಟರ್ ಅಲ್ಲ. ಕರ್ನಾಟಕದಲ್ಲಿ ಸರ್ಕಾರದ ಜೀವಸಾರ್ಥಕತೆ ಸಂಸ್ಥೆಯ ಕಾಯುವವರ ಪಟ್ಟಿಯಂತೆ ಅದು ನಡೆಯುತ್ತದೆ. ಹೃದಯಕ್ಕೆ 4ರಿಂದ 6 ಗಂಟೆ ಸಮಯ. ಲಿವರ್‌ಗೆ ಅದಕ್ಕಿಂತ ಜಾಸ್ತಿ. ಕಿಡ್ನಿ ಸರಿಯಾಗಿ ತಂಪಾಗಿಟ್ಟರೆ ಒಂದು ದಿನ ತಡೆಯುತ್ತದೆ, ಆದರೆ ಬೇಗ ಹಾಕಿದಷ್ಟೂ ಒಳ್ಳೆಯದು. ಹೊಸ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ ಹಾಕುವುದಿಲ್ಲ, ಕಿಬ್ಬೊಟ್ಟೆಯ ಒಂದು ಬದಿಗೆ ಕೂರಿಸುತ್ತಾರೆ. ಹಳೆಯವೆರಡೂ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ನಟನ ಗಾಯದ ಮೇಕಪ್ ಬೆನ್ನಿಗೆ ಬಳಿದರೆ ನೋಡುವ ನರ್ಸ್ ಅಲ್ಲೇ ಎದ್ದು ಹೋಗುತ್ತಾಳೆ.

ಹೆಜ್ಜೆ 2: ಬಜೆಟ್ ಬರೆಯಿರಿ, ಮುಚ್ಚಿಡಬೇಡಿ

ನಮ್ಮದು 19 ನಿಮಿಷದ ಚಿತ್ರ, ಐದು ದಿನದ ಶೂಟಿಂಗ್, 18 ಜನರ ತಂಡ. ಲೆಕ್ಕ ಹೀಗಿತ್ತು. ಕ್ಯಾಮೆರಾ, ಲೆನ್ಸ್, ಲೈಟು 90 ಸಾವಿರ. ಸ್ಥಳದಲ್ಲೇ ಧ್ವನಿ ಹಿಡಿಯಲು 35 ಸಾವಿರ. ಊಟ, ತಿಂಡಿ, ಉಳಿಯಲು 60 ಸಾವಿರ. ಗಾಡಿಗಳು ಮತ್ತು ಬಾಡಿಗೆ ಆಂಬುಲೆನ್ಸ್ 40 ಸಾವಿರ. ಕಲಾವಿದರಿಗೆ 30 ಸಾವಿರ. ಆಸ್ಪತ್ರೆ ಸೆಟ್ಟಿಗೆ 25 ಸಾವಿರ. ಎಡಿಟಿಂಗ್, ಬಣ್ಣ ತಿದ್ದುವುದು, ಸಂಗೀತ, ಮಿಕ್ಸಿಂಗ್ ಎಲ್ಲ ಸೇರಿ 80 ಸಾವಿರ. ಬಹುಮಾನ, ಕೊರಿಯರ್ ಮತ್ತು ಆನ್‌ಲೈನ್ ಶುಲ್ಕ 30 ಸಾವಿರ. ಚಿತ್ರೋತ್ಸವಗಳ ಪ್ರವೇಶ ಶುಲ್ಕ 20 ಸಾವಿರ. ಅಕಸ್ಮಾತ್ ಖರ್ಚಿಗೆ 40 ಸಾವಿರ. ಒಟ್ಟು 4 ಲಕ್ಷ 50 ಸಾವಿರ.

ಜನ ಮರೆಯುವುದು ಕೊನೆಯ ಮೂರು ಬಾಬ್ತು. ಚಿತ್ರ ಮುಗಿದಮೇಲೆ ಕೊರಿಯರಿಗೆ ದುಡ್ಡಿಲ್ಲದೆ ಕೊಟ್ಟ ಮಾತು ತಪ್ಪುವ ತಂಡಗಳೇ ಜಾಸ್ತಿ. ಹಾಗೇ ಧ್ವನಿಯ ದುಡ್ಡನ್ನು ಕತ್ತರಿಸಬೇಡಿ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ನಮ್ಮ ಕರಾವಳಿಯಲ್ಲಿ ಗಾಳಿ, ಅಲೆ, ಜೀರುಂಡೆ ಮೂರೂ ಮೈಕಿನ ಶತ್ರುಗಳು.

ಈಗ ಈ ಮೊತ್ತವನ್ನು ಜನರ ಲೆಕ್ಕಕ್ಕೆ ಇಳಿಸಿ. ಒಬ್ಬರು ಸರಾಸರಿ 1,500 ರೂಪಾಯಿ ಕೊಟ್ಟರೆ 300 ಜನ ಬೇಕು. ಕೇಳಿದವರೆಲ್ಲ ಕೊಡುವುದಿಲ್ಲ. ನಾಲ್ಕರಲ್ಲಿ ಒಬ್ಬರು ಕೊಟ್ಟರೂ ಹೆಸರು ಹಿಡಿದು 1,200 ಜನರನ್ನು ಕೇಳಬೇಕು. ಒಂದು ನೋಟ್‌ಬುಕ್ ತೆಗೆದುಕೊಂಡು ತಂಡದ ಐದು ಜನ ತಲಾ 240 ಹೆಸರು ಬರೆಯಿರಿ. ಅಷ್ಟು ಹೆಸರು ಹೊರಡದಿದ್ದರೆ ಬಜೆಟ್ ಇಳಿಸಿ. ಈ ನೋಟ್‌ಬುಕ್ ಇಲ್ಲದೆ ಕ್ಯಾಂಪೇನ್ ಶುರು ಮಾಡಬೇಡಿ.

ಹೆಜ್ಜೆ 3: ದುಡ್ಡಿಗೆ ಬದಲಾಗಿ ಏನು ಎಂದು ಮೊದಲೇ ಖಚಿತ ಮಾಡಿ

ನಮಗೆ ಇದು ಹೊಸದೇನಲ್ಲ. ಊರ ದೇವಸ್ಥಾನಕ್ಕೆ ವಂತಿಗೆ, ನಾಟಕಕ್ಕೆ ಪಟ್ಟಿ, ಕಷ್ಟದಲ್ಲಿರುವ ಕಲಾವಿದನಿಗೆ ಸಹಾಯಾರ್ಥ ಯಕ್ಷಗಾನ, ಇವೆಲ್ಲ ನಾವು ಹುಟ್ಟುವ ಮೊದಲಿನಿಂದ ಇವೆ. ಸಿನಿಮಾದಲ್ಲೂ ಇದೆ. 1976ರ 'ಮಂಥನ್' ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. ಕನ್ನಡದಲ್ಲಿ 'ಲೂಸಿಯಾ'ಕ್ಕೆ 110 ಜನ 27 ದಿನಗಳಲ್ಲಿ ಸುಮಾರು 51 ಲಕ್ಷ ಕೂಡಿಸಿದ್ದು ನಮ್ಮ ತಲೆಮಾರಿನ ಎಲ್ಲ ಹುಡುಗರಿಗೂ ಧೈರ್ಯ ಕೊಟ್ಟಿತು.

ಆದರೆ ಕಿರುಚಿತ್ರಕ್ಕೆ 'ಲಾಭ ಬಂದರೆ ಪಾಲು ಕೊಡುತ್ತೇವೆ' ಎಂದು ಸಾರ್ವಜನಿಕವಾಗಿ ಹೇಳಬೇಡಿ. ಕಿರುಚಿತ್ರದಲ್ಲಿ ಲಾಭ ಬರುವುದು ಅಪರೂಪ, ಅದು ಒಂದು. ಎರಡನೆಯದು, ಸಾರ್ವಜನಿಕರಿಂದ ಪಾಲು ಬಂಡವಾಳ ಎತ್ತುವ ಕ್ರೌಡ್‌ಫಂಡಿಂಗ್‌ಗೆ ನಮ್ಮಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಅವಕಾಶ ಕೊಟ್ಟಿಲ್ಲ. 'ವಾಪಸ್ ಕೊಡುತ್ತೇವೆ' ಎಂದರೆ ಅದು ಠೇವಣಿ ಎನಿಸಿಕೊಂಡು 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯ ತಂಟೆಗೆ ಸಿಕ್ಕಬಹುದು. ಸುಮ್ನೆ ಕಷ್ಟ ಯಾಕೆ? 'ಇದು ಸಹಾಯ, ಚಿತ್ರ ಶುರುವಾದಮೇಲೆ ದುಡ್ಡು ವಾಪಸ್ ಬರುವುದಿಲ್ಲ, ಬದಲಿಗೆ ಈ ಉಡುಗೊರೆ' ಎಂದು ಸ್ಪಷ್ಟವಾಗಿ ಬರೆಯಿರಿ.

ತೆರಿಗೆ ವಿಷಯಕ್ಕೆ ಶಿರಸಿಯಲ್ಲೋ ಕಾರವಾರದಲ್ಲೋ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಒಂದು ಗಂಟೆ ಕೂರಿ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50 ಸಾವಿರ ರೂಪಾಯಿಗಿಂತ ಜಾಸ್ತಿ ಉಡುಗೊರೆ ಬಂದರೆ ಅದು ಪೂರ್ತಿ ನಿಮ್ಮ ಆದಾಯಕ್ಕೆ ಸೇರುತ್ತದೆ. ನಿಮ್ಮ ಸ್ವಂತ ಉಳಿತಾಯ ಖಾತೆಗೆ ನಾಲ್ಕೂವರೆ ಲಕ್ಷ ಬಂದು ಬಿದ್ದರೆ ಮಾರ್ಚಿನಲ್ಲಿ ತಲೆನೋವು ಖಂಡಿತ. ಚಿತ್ರ ನಿರ್ಮಾಣದ ವ್ಯವಹಾರ ಎಂದು ತೋರಿಸಿ, ಖರ್ಚಿನ ಬಿಲ್ ಇಟ್ಟುಕೊಂಡರೆ ದಾರಿ ಸಲೀಸು.

ವಿದೇಶದ ದುಡ್ಡು ಇನ್ನೊಂದು ಸೂಕ್ಷ್ಮ. ಭಟ್ಕಳದವರು ಗಲ್ಫಿನಲ್ಲಿ, ಶಿರಸಿಯವರು ಅಮೆರಿಕದಲ್ಲಿ ಇದ್ದೇ ಇರುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಪೌರತ್ವ ಬದಲಾಯಿಸಿದವರು ಕೊಟ್ಟರೆ ವಿದೇಶಿ ದೇಣಿಗೆ ನಿಯಂತ್ರಿಸುವ ಎಫ್‌ಸಿಆರ್‌ಎ ಕಾನೂನಿನ ಪ್ರಕಾರ ಅದು ವಿದೇಶಿ ಮೂಲ. ಅಂಥವರ ಪ್ರೀತಿಗೆ ಕೈಮುಗಿಯಿರಿ, ಪೋಸ್ಟರ್ ಹಂಚಲು ಹೇಳಿ, ದುಡ್ಡು ತೆಗೆದುಕೊಳ್ಳಬೇಡಿ.

ಹೆಜ್ಜೆ 4: ಖಾತೆ ಮತ್ತು ವೇದಿಕೆ

ಚಿತ್ರಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆಗೆಯಿರಿ. ಇಬ್ಬರ ಸಹಿ ಇಲ್ಲದೆ ದುಡ್ಡು ಹೊರಡಬಾರದು. ಆ ಇಬ್ಬರಲ್ಲಿ ಯಾರೂ ನಿರ್ದೇಶಕ ಆಗಿರಲೇಬಾರದು ಎಂಬುದು ನನ್ನ ಅಭಿಪ್ರಾಯ. ಶೂಟಿಂಗ್ ಹುಚ್ಚಿನಲ್ಲಿ ನಿರ್ದೇಶಕನಿಗೆ ಎಲ್ಲ ಖರ್ಚೂ ಅಗತ್ಯವಾಗಿಯೇ ಕಾಣುತ್ತದೆ. ನಮ್ಮ ಖಾತೆಯನ್ನು ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ನೋಡಿಕೊಂಡರು. ಟೀ ಬಿಲ್ಲಿಗೂ ಅವರು ಪ್ರಶ್ನೆ ಕೇಳಿದರು. ಕೊನೆಗೆ ನಮ್ಮನ್ನು ಉಳಿಸಿದ್ದೇ ಆ ಪ್ರಶ್ನೆಗಳು.

ಆನ್‌ಲೈನ್ ವೇದಿಕೆಗಳಲ್ಲಿ ಮಿಲಾಪ್, ಕೆಟ್ಟೊ ಮೊದಲಾದವು ಹೆಚ್ಚಾಗಿ ವೈದ್ಯಕೀಯ ಮನವಿಗಳಿಗೆ ಹೆಸರಾದವು. ಅಂಗಾಂಗ ಕಸಿಯ ಸಿನಿಮಾವನ್ನು ಅಲ್ಲಿ, ನಿಜವಾದ ರೋಗಿಗಳ ಪಕ್ಕದಲ್ಲಿ ಇಡುವುದು ನನಗೆ ಸರಿ ಕಾಣಲಿಲ್ಲ. ಕಿಕ್‌ಸ್ಟಾರ್ಟರ್‌ನಲ್ಲಿ ಭಾರತದಿಂದ ಯೋಜನೆ ಶುರು ಮಾಡಲು ಬರುವುದಿಲ್ಲ. ಕಲೆ, ಸಿನಿಮಾಕ್ಕೆಂದು ಇರುವ ವೇದಿಕೆ ಆರಿಸಿಕೊಳ್ಳುವುದಾದರೆ ಎರಡು ಪ್ರಶ್ನೆ ಕೇಳಿ. ಗುರಿ ಮುಟ್ಟದಿದ್ದರೆ ದುಡ್ಡು ಕೊಟ್ಟವರಿಗೆ ವಾಪಸ್ ಹೋಗುತ್ತದೆಯೇ? ಶುಲ್ಕ ಎಷ್ಟು, ಅದರ ಮೇಲೆ ಜಿಎಸ್‌ಟಿ ಎಷ್ಟು?

ನಾವು ನೇರವಾಗಿ ಯುಪಿಐ ಮೂಲಕವೇ ಕೂಡಿಸಿದೆವು. ಗುರಿ ಮುಟ್ಟದಿದ್ದರೆ ವಾಪಸ್ ಎಂಬ ನಿಯಮವನ್ನು ನಾವೇ ಹಾಕಿಕೊಂಡೆವು. 45 ದಿನದಲ್ಲಿ ಮೂರು ಲಕ್ಷ ದಾಟದಿದ್ದರೆ ಪ್ರತಿ ರೂಪಾಯಿ ವಾಪಸ್ ಎಂದು ಬರೆದು ಸಹಿ ಮಾಡಿ ಹಾಕಿದೆವು. ದುಡ್ಡು ಕೊಟ್ಟ ಪ್ರತಿಯೊಬ್ಬರ ಹೆಸರು, ಫೋನ್ ನಂಬರ್, ದಿನಾಂಕ ಅದೇ ದಿನ ಶೀಟಿಗೆ ಹೋಗಬೇಕು. ನಾಳೆ ಎಂದರೆ ಮುಗಿಯಿತು.

ಹೆಜ್ಜೆ 5: ಯಾವಾಗ ಕೇಳಬೇಕು

ಬೆಂಗಳೂರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ಕಾರವಾರ, ಅಂಕೋಲಾ, ಹೊನ್ನಾವರದ ಬಂದರುಗಳಲ್ಲಿ ಆಗ ಕೈಯಲ್ಲಿ ದುಡ್ಡು ಇರುವುದಿಲ್ಲ. ಘಟ್ಟದ ಮೇಲೆ ಮಳೆಗಾಲದಲ್ಲಿ ತೋಟಕ್ಕೆ ಔಷಧಿ ಹೊಡೆಸುವ ಖರ್ಚು, ಕೊಳೆರೋಗದ ಚಿಂತೆ. ಅಡಿಕೆ ಮಾರಿ ದುಡ್ಡು ಕೈಗೆ ಬರುವುದು ಕೊಯ್ಲು ಮುಗಿದಮೇಲೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತದೆ. ಆ ತಿಂಗಳು ಇಡೀ ಊರಿನ ಮನಸ್ಸು, ಖರ್ಚು ಎರಡೂ ಅಲ್ಲಿ.

ನಾವು ಅಕ್ಟೋಬರ್‌ನಲ್ಲಿ ಶುರು ಮಾಡಿ ದೀಪಾವಳಿ ದಾಟಿಸಿದೆವು. ದೀಪಾವಳಿಗೆ ಬೆಂಗಳೂರಿನ ಮಕ್ಕಳು ಊರಿಗೆ ಬರುತ್ತಾರೆ. ಅಪ್ಪನಿಗೆ ಸಿನಿಮಾ ಎಂದರೆ ಅನುಮಾನ, ಮಗಳಿಗೆ ಯುಪಿಐ ಸಲೀಸು. ಇಬ್ಬರೂ ಒಂದೇ ಜಗಲಿಯಲ್ಲಿ ಕೂತಿರುವಾಗ ಹೋಗಿ ಮಾತಾಡಬೇಕು.

ಹೆಜ್ಜೆ 6: ಪೋಸ್ಟರ್, ವಿಡಿಯೊ

ಮೊದಲ ಪೋಸ್ಟರ್ ಕಲಿಸಿದ ಪಾಠದ ಮೇಲೆ ನಾವು ನಿಯಮ ಮಾಡಿಕೊಂಡೆವು. ಪೋಸ್ಟರಿನ ಅತಿ ದೊಡ್ಡ ಅಕ್ಷರದಲ್ಲಿ 'ಕಿರುಚಿತ್ರ' ಎಂದು ಇರಬೇಕು. ಹಾಸಿಗೆ, ಡ್ರಿಪ್, ಅಳುವ ತಾಯಿ ಬೇಡ. 'ಜೀವ ಉಳಿಸಿ', 'ತುರ್ತು' ಎಂಬ ಮಾತು ಬೇಡ. ಕ್ಯೂಆರ್ ಕೋಡಿನ ಪಕ್ಕದಲ್ಲೇ 'ಈ ದುಡ್ಡು ಸಿನಿಮಾ ಮಾಡಲು, ಚಿಕಿತ್ಸೆಗೆ ಅಲ್ಲ' ಎಂಬ ಸಾಲು ಬೇಕು. ಹೊಸ ಪೋಸ್ಟರಿನಲ್ಲಿ ರಾತ್ರಿಯ ಘಟ್ಟದ ತಿರುವು, ಮಳೆಯಲ್ಲಿ ನಿಂತ ಆಟೋದ ಒಂದು ಹೆಡ್‌ಲೈಟ್ ಮಾತ್ರ ಇತ್ತು. ಇದನ್ನೇ ಜನ ಜಾಸ್ತಿ ಹಂಚಿದರು.

2021ರ ಜೂನ್‌ನಲ್ಲಿ ಸಂಚಾರಿ ವಿಜಯ್ ಅವರ ಅಂಗಗಳನ್ನು ಮನೆಯವರು ದಾನ ಮಾಡಿದ್ದು, ಅದೇ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ನಾಲ್ವರಿಗೆ ಬೆಳಕಾದದ್ದು ಕನ್ನಡಿಗರಿಗೆಲ್ಲ ಗೊತ್ತು. ಮಾತಿನಲ್ಲಿ ಅದನ್ನು ನೆನೆಯಿರಿ. ಆದರೆ ಅವರ ಫೋಟೊ ಹಾಕಿ ದುಡ್ಡು ಕೇಳಬೇಡಿ.

ವಿಡಿಯೊ ಎರಡು ನಿಮಿಷ ದಾಟಬಾರದು. ನೀವು ಯಾರು, ಯಾವ ಊರಿನವರು, ಯಾರ ಮನೆಯವರು ಎಂದು ಮೊದಲ ಹತ್ತು ಸೆಕೆಂಡಿನಲ್ಲಿ ಹೇಳಿ. ಇಲ್ಲಿ ಜನ ಸಿನಿಮಾಕ್ಕಿಂತ ಮೊದಲು ಮನೆ ನೋಡಿ ನಂಬುತ್ತಾರೆ. ಆಮೇಲೆ ಕಥೆಯ ಒಂದು ಎಳೆ, ಒಂದು ಸಣ್ಣ ದೃಶ್ಯ, ಬಜೆಟ್, ಗುರಿ. ಕಾರವಾರದ ಕಡೆಗೆ ಕೊಂಕಣಿಯಲ್ಲಿ ಇನ್ನೊಂದು ವಿಡಿಯೊ ಮಾಡಿ. ಅನುವಾದ ಓದಿಸಬೇಡಿ, ಮನೆಯಲ್ಲಿ ಕೊಂಕಣಿ ಆಡುವವರೇ ತಮ್ಮ ಮಾತಿನಲ್ಲಿ ಹೇಳಲಿ. ನಮ್ಮ ಕೊಂಕಣಿ ವಿಡಿಯೊ ಹಾಕಿದ ಮೂರೇ ದಿನಕ್ಕೆ ಮೀನು ಮಾರುಕಟ್ಟೆಯ ಕಡೆಯಿಂದ 22 ಸಾವಿರ ಬಂತು.

ಹೆಜ್ಜೆ 7: ಕೇಳುವುದು

ಇದಕ್ಕೆ ದೊಡ್ಡ ವಿವರಣೆ ಬೇಡ. ಸಾರ್ವಜನಿಕವಾಗಿ ಹಾಕುವ ಮೊದಲೇ ನಿಮ್ಮ ಹತ್ತಿರದವರಿಂದ ಮೂರನೇ ಒಂದು ಭಾಗ ಬಂದಿರಬೇಕು. ಸೊನ್ನೆಯಲ್ಲಿ ನಿಂತ ಪಟ್ಟಿಗೆ ಯಾರೂ ಮೊದಲ ಹೆಸರು ಬರೆಸುವುದಿಲ್ಲ. ಗುಂಪಿಗೆ ಹಾಕಿದ ಮೆಸೇಜಿನಿಂದ ದುಡ್ಡು ಬರುವುದು ಕಡಿಮೆ. ಫೋನ್ ಮಾಡಿ. ಮನೆಗೆ ಹೋಗಿ. "ನಿಮ್ಮಿಂದ ಒಂದು ಸಾವಿರದ ಒಂದು ರೂಪಾಯಿ ಆಗ್ತದಾ?" ಎಂದು ಮೊತ್ತ ಹೇಳಿ ಕೇಳಿ. 'ನಿಮಗೆ ಇಷ್ಟ ಬಂದಷ್ಟು' ಎಂದರೆ ಅವರಿಗೇ ಕಷ್ಟ. ಇಲ್ಲ ಎಂದರೆ ಬೇಜಾರು ಮಾಡಿಕೊಳ್ಳದೆ ಚಹಾ ಕುಡಿದು ಬನ್ನಿ. ಮನೆಯಲ್ಲಿ ರೋಗಿ ಇದ್ದವರನ್ನು ಕೇಳಲೇಬೇಡಿ.

ಕ್ಯಾಂಪೇನಿನ ನಡುವೆ ಎರಡು, ಮೂರು ವಾರ ಏನೂ ಬರುವುದಿಲ್ಲ. ನಮಗೂ 16 ದಿನ ಬರೀ 9 ಸಾವಿರ ಬಂತು. ಆ ಹೊತ್ತಿನಲ್ಲಿ ಬೇಡುವ ಮೆಸೇಜ್ ಹಾಕದೆ ಕೆಲಸ ತೋರಿಸಿ. ನಾವು ತೋರಿಸಿದ್ದು ಒಂದು ಕಿಡ್ನಿ. ಗಣಪತಿ ಮೂರ್ತಿ ಮಾಡುವವರೊಬ್ಬರ ಹತ್ತಿರ ಜೇಡಿಮಣ್ಣಿನಲ್ಲಿ ಮಾಡಿಸಿದೆವು. 11 ಸೆಂಟಿಮೀಟರ್ ಉದ್ದ, ಮುಷ್ಟಿಯಷ್ಟು. ಅವರು ಮೊದಲು ಕೆಂಪು ಬಣ್ಣ ಬಳಿದಿದ್ದರು. ದೇಹದಿಂದ ತೆಗೆದಮೇಲೆ ತಂಪು ದ್ರಾವಣ ಹಾಯಿಸಿ ರಕ್ತ ತೊಳೆಯುತ್ತಾರೆ, ಆಗ ಅದು ಬೂದು ಬಣ್ಣಕ್ಕೆ ತಿರುಗುತ್ತದೆ ಎಂದು ಹೇಳಿದೆವು. ಹೊಸ ದೇಹದಲ್ಲಿ ರಕ್ತ ಹರಿದ ಕೂಡಲೇ ಮತ್ತೆ ಗುಲಾಬಿಯಾಗುತ್ತದೆ ಎಂದೂ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಎರಡು ಮಾಡ್ತೆ" ಎಂದರು. ಒಂದು ಬೂದು, ಒಂದು ಗುಲಾಬಿ. ಆ ಎರಡರ ವಿಡಿಯೊ ಹಾಕಿದ ದಿನ 31 ಸಾವಿರ ಬಂತು.

ಹೆಜ್ಜೆ 8: ಉಡುಗೊರೆ

501 ಕೊಟ್ಟವರಿಗೆ ತೆರೆಯ ಮೇಲೆ ಹೆಸರು. 1,001ಕ್ಕೆ ಹೆಸರಿನ ಜೊತೆ ಮೊದಲ ಪ್ರದರ್ಶನಕ್ಕೆ ಆಹ್ವಾನ. 2,501ಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ ಅಥವಾ ಮುರುಗಲು ಶರಬತ್ತಿನ ಬಾಟಲಿ. 5,001ಕ್ಕೆ ಒಂದು ದಿನ ಶೂಟಿಂಗ್ ನೋಡುವ ಅವಕಾಶ. ಟೀ ಶರ್ಟ್, ಮಗ್ ಮಾಡಿಸಬೇಡಿ. ಅಳತೆ, ಪ್ರಿಂಟಿಂಗ್, ಕೊರಿಯರ್ ಎಂದು ದುಡ್ಡು ಅದಕ್ಕೇ ಹೋಗುತ್ತದೆ. ತೆಳ್ಳಗಿನ ಸಿಹಿ ತಿಂಡಿ ತೊಡದೇವು ಕಳಿಸಬೇಕೆಂಬ ಆಸೆ ನಮಗಿತ್ತು. ಆದರೆ ಅದು ದಾರಿಯಲ್ಲಿ ಪುಡಿಯಾಗುತ್ತದೆ. ಪ್ರದರ್ಶನದ ದಿನ ಕೈಯಲ್ಲೇ ಕೊಟ್ಟೆವು.

ಹೆಜ್ಜೆ 9: ಅನುಮತಿ ಮತ್ತು ಶೂಟಿಂಗ್

ದುಡ್ಡು ಬಂದಮೇಲೆ ಅನುಮತಿ ಕೇಳಲು ಹೊರಟರೆ ತಡವಾಗುತ್ತದೆ. ಗುರಿಯ ಅರ್ಧ ದಾಟಿದ ಕೂಡಲೇ ಅರ್ಜಿ ಹಾಕಿ. ಕಾಡಿನ ಜಾಗಕ್ಕೆ ಆಯಾ ವಿಭಾಗದ ಅರಣ್ಯ ಇಲಾಖೆ. ಕಾರವಾರ, ಶಿರಸಿ, ಹೊನ್ನಾವರ, ಯಲ್ಲಾಪುರ, ಹಳಿಯಾಳ ಎಲ್ಲ ಬೇರೆ ಬೇರೆ ವಿಭಾಗಗಳು. ನಿಮ್ಮ ತಿರುವು ಯಾವ ವಿಭಾಗಕ್ಕೆ ಸೇರುತ್ತದೆ ಎಂದು ಮೊದಲು ಕೇಳಿ. ಕಡಲತೀರಕ್ಕೆ ಜಿಲ್ಲಾಡಳಿತ. ರಸ್ತೆಗೆ ಪೊಲೀಸರು. ಕಾರವಾರದಲ್ಲಿ ಡ್ರೋನ್ ಹಾರಿಸುವ ಆಸೆ ಬಿಡುವುದೇ ಒಳ್ಳೆಯದು. ಒಂದು ಕಡೆ ಕದಂಬ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣುಸ್ಥಾವರ. ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಡ್ರೋನನ್ನು ಪೆಟ್ಟಿಗೆಯಿಂದ ತೆಗೆಯಲೂ ಬೇಡಿ. ಕಾಳಿ ಸೇತುವೆಯ ದೃಶ್ಯ ನಮ್ಮ ಕಥೆಯಲ್ಲಿತ್ತು. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೆಯ ಸೇತುವೆ ಕುಸಿದದ್ದು ಎಲ್ಲರ ಮನಸ್ಸಿನಲ್ಲಿದೆ. ಅದನ್ನು ಬರೀ ಹಿನ್ನೆಲೆಯ ಅಲಂಕಾರಕ್ಕೆ ಬಳಸಲು ಮನಸ್ಸು ಬರಲಿಲ್ಲ, ಕೈಬಿಟ್ಟೆವು.

ನಿಜವಾದ ಐಸಿಯುನಲ್ಲಿ ಶೂಟ್ ಮಾಡಬೇಡಿ, ಯಾರಾದರೂ ಒಪ್ಪಿದರೂ ಬೇಡ. ನಾವು ಮುಚ್ಚಿದ ಶಾಲೆಯೊಂದರ ಕೋಣೆಗೆ ಹಸಿರು ಬಣ್ಣ ಬಳಿದು, ಬಾಡಿಗೆ ಮಂಚ, ಮಾನಿಟರ್ ತಂದು ಸೆಟ್ ಮಾಡಿದೆವು. ಆಸ್ಪತ್ರೆಗೆ ಕಲ್ಪಿತ ಹೆಸರೇ ಇರಲಿ. ಆಂಬುಲೆನ್ಸನ್ನು ಖಾಸಗಿಯವರಿಂದ ಬಾಡಿಗೆಗೆ ತನ್ನಿ. ಆ ದಿನ ಅದಕ್ಕೆ ಬೇರೆ ಸೇವೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಸಾರ್ವಜನಿಕ ರಸ್ತೆಯಲ್ಲಿ ಸೈರನ್ ಹಾಕಬೇಡಿ, ಧ್ವನಿಯನ್ನು ಆಮೇಲೆ ಸೇರಿಸಬಹುದು. ಸುಳ್ಳು ಸೈರನ್‌ಗೆ ದಾರಿ ಬಿಟ್ಟ ಲಾರಿಯವನು ನಾಳೆ ನಿಜವಾದದ್ದಕ್ಕೂ ಬಿಡದಿರಬಹುದು.

ಅಂಗ ಒಯ್ಯುವ ಪೆಟ್ಟಿಗೆ ಎಂದರೆ ಹೊಳೆಯುವ ಲೋಹದ ಸೂಟ್‌ಕೇಸ್ ಅಲ್ಲ. ತಂಪು ದ್ರಾವಣದಲ್ಲಿ ಮುಳುಗಿಸಿ, ಒಂದರ ಮೇಲೊಂದು ಚೀಲ ಹಾಕಿ, ಐಸ್ ನೇರವಾಗಿ ತಾಗದಂತೆ ಸಾಮಾನ್ಯ ಐಸ್ ಪೆಟ್ಟಿಗೆಯಲ್ಲಿ ಇಡುತ್ತಾರೆ. ನೋಡಲು ನಮ್ಮ ಬಂದರಿನಿಂದ ಮೀನು ಹೋಗುವ ಪೆಟ್ಟಿಗೆಯ ಹಾಗೇ ಇರುತ್ತದೆ. ಈ ಹೋಲಿಕೆಯಿಂದಲೇ ನಮ್ಮ ಚಿತ್ರದ ನಡುವಿನ ದೃಶ್ಯ ಹುಟ್ಟಿತು. ಮೀನಿನ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡ ನಾಯಕ ಪ್ರತಿ ಪೆಟ್ಟಿಗೆಯನ್ನೂ ನೋಡುತ್ತಾನೆ. ಮಾತಿಲ್ಲ.

ಮಳೆಗಾಲದ ಕಥೆಯನ್ನು ಡಿಸೆಂಬರ್‌ನಲ್ಲೇ ತೆಗೆದೆವು. ಜುಲೈಯಲ್ಲಿ ಘಟ್ಟದ ತಿರುವಿನಲ್ಲಿ 18 ಜನರನ್ನು ನಿಲ್ಲಿಸುವುದು ಜೀವದ ಜೊತೆ ಆಟ. ಅಡಿಕೆ ತೋಟದ ಸ್ಪ್ರಿಂಕ್ಲರ್ ಪೈಪುಗಳನ್ನು ಬಿದಿರಿಗೆ ಕಟ್ಟಿ ಎತ್ತಿ ಹಿಡಿದು ಮಳೆ ಸುರಿಸಿದೆವು. ಲೈಟನ್ನು ಮಳೆಯ ಹಿಂದಿನಿಂದ ಹಾಕಿ. ಮುಂದಿನಿಂದ ಹಾಕಿದರೆ ಹನಿ ಕಾಣುವುದೇ ಇಲ್ಲ.

ಹೆಜ್ಜೆ 10: ಲೆಕ್ಕ ಮತ್ತು ಪ್ರದರ್ಶನ

ಚಿತ್ರೋತ್ಸವಕ್ಕೆ ಕಳಿಸುವುದಿದ್ದರೆ ಯೂಟ್ಯೂಬಿಗೆ ಅವಸರ ಮಾಡಬೇಡಿ. ಆನ್‌ಲೈನ್ ಬಂದ ಚಿತ್ರವನ್ನು ಕೆಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ. ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ, ತಿರುವನಂತಪುರದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ ಇವೆರಡರ ನಿಯಮ ಮೊದಲು ಓದಿ. ಸಾರ್ವಜನಿಕ ಪ್ರದರ್ಶನ ಮಾಡುವುದಾದರೆ ಸೆನ್ಸಾರ್ ಪ್ರಮಾಣಪತ್ರ ಬೇಕು.

ಲೆಕ್ಕವನ್ನು ಮಾತ್ರ ತಡ ಮಾಡಬೇಡಿ. ನಮಗೆ 296 ಜನರಿಂದ 4 ಲಕ್ಷ 58 ಸಾವಿರ ಬಂತು. ಖರ್ಚು 4,46,660. ಉಳಿದದ್ದು 11,340. ಆ ಶಿಕ್ಷಕಿ ಎಲ್ಲ ಬಿಲ್ಲುಗಳ ಫೋಟೊ ಸೇರಿಸಿ 14 ಪುಟದ ಕಡತ ಮಾಡಿ ಎಲ್ಲರಿಗೂ ಕಳಿಸಿದರು. ಉಳಿದ ದುಡ್ಡು ಏನು ಮಾಡೋಣ ಎಂದು ಕೊಟ್ಟವರನ್ನೇ ಕೇಳಿದೆವು. ಡಯಾಲಿಸಿಸ್‌ಗೆ ಬಸ್ಸಿನಲ್ಲಿ ಹೋಗುವ ಒಬ್ಬರ ಓಡಾಟಕ್ಕೆ ಕೊಡಿ ಎಂದು ಬಹಳ ಜನ ಹೇಳಿದರು. ಹಾಗೇ ಮಾಡಿದೆವು.

ದೇಣಿಗೆ ಕೊಟ್ಟವರಿಗಾಗಿ ಶಿರಸಿಯಲ್ಲಿ ಇಟ್ಟ ಪ್ರದರ್ಶನದ ದಿನ ಸಭಾಭವನದ ಬಾಗಿಲಲ್ಲಿ ಒಂದು ಮೇಜು ಹಾಕಿದೆವು. ನೀವೂ ಹಾಕಿ. ಆಧಾರ್ ಇದ್ದರೆ ಅಂಗಾಂಗ ಕಸಿಯ ರಾಷ್ಟ್ರೀಯ ಸಂಸ್ಥೆ ನೊಟ್ಟೊದ ಜಾಲತಾಣದಲ್ಲಿ ಅಂಗದಾನದ ಪ್ರತಿಜ್ಞೆ ನೋಂದಾಯಿಸಬಹುದು. ಮೇಜಿನ ಹತ್ತಿರ ಕೂತವರು ಒಂದು ಮಾತು ತಪ್ಪದೆ ಹೇಳಬೇಕು: ಪ್ರತಿಜ್ಞೆಯ ಕಾರ್ಡ್ ಇದ್ದರೂ ಕೊನೆಗೆ ಒಪ್ಪಿಗೆ ಕೊಡುವವರು ಮನೆಯವರೇ, ಹಾಗಾಗಿ ಇವತ್ತೇ ಮನೆಯಲ್ಲಿ ಹೇಳಿ.

ಅಮ್ಮನ ಗೆಳತಿ ಮೊಮ್ಮಗಳ ಜೊತೆ ಬಂದಿದ್ದರು. ಈ ಸಲ ಸಿನಿಮಾ ಎಂದು ತಿಳಿದೇ 501 ಕೊಟ್ಟಿದ್ದರು. ಚಿತ್ರ ಮುಗಿದಮೇಲೆ ಮೇಜಿನ ಹತ್ತಿರ ಬಂದು ನಿಂತು ಕೇಳಿದರು, "ಎಪ್ಪತ್ತೆಂಟು ವರ್ಷ ಆದವ್ರದ್ದೂ ಆಗ್ತಾ, ತಮಾ?" ಕಣ್ಣಿಗೆ ವಯಸ್ಸಿನ ಅಡ್ಡಿ ಇಲ್ಲ, ಕನ್ನಡಕ ಹಾಕಿದವರು, ಪೊರೆ ಆಪರೇಷನ್ ಆದವರೂ ಕೊಡಬಹುದು, ಆರು ಗಂಟೆಯೊಳಗೆ ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು ಎಂದೆ. ಅವರು ಮೊಮ್ಮಗಳ ಕಡೆ ತಿರುಗಿ, "ನಂಬರ್ ಬರ್ಕ" ಎಂದರು.